ಕಾಡು, ಕೊಟ್ಟಿಗೆ, ಆಸ್ಪತ್ರೆ: ಮೂರನ್ನೂ ಒಂದೇ ಅನುದಾನದಲ್ಲಿ ಕೂಡಿಸುವುದು ಹೇಗೆ?

ಪ್ರಶ್ನೆ: ನಾನು ಶಿವಮೊಗ್ಗ ಜಿಲ್ಲೆಯಲ್ಲಿ ಪ್ರಾಣಿಶಾಸ್ತ್ರದ ಅಧ್ಯಾಪಕ. ಒಬ್ಬ ಸಮುದಾಯ ವೈದ್ಯರು, ಒಬ್ಬ ಪಶುವೈದ್ಯರು, ಒಬ್ಬ ಸಮಾಜಶಾಸ್ತ್ರಜ್ಞೆ ಹಾಗೂ ನಾನು ಸೇರಿ, ಉಣುಗಿನ (ಉಣ್ಣಿಯ) ಕಡಿತದಿಂದ ಹರಡುವ ವೈರಾಣು ಜ್ವರವಾದ ಮಂಗನ ಕಾಯಿಲೆಯ ಬಗ್ಗೆ ಮೂರು ವರ್ಷದ ಸಂಶೋಧನಾ ಯೋಜನೆ ಬರೆಯುತ್ತಿದ್ದೇವೆ. ನಾಲ್ವರದೂ ಬೇರೆ ಬೇರೆ ಸಂಸ್ಥೆ. ಹಣವನ್ನು ಯಾರ ಹೆಸರಿನಲ್ಲಿ ಕೇಳಬೇಕು? ಹೇಗೆ ಹಂಚಬೇಕು?

ಉತ್ತರ: ಹಣದ ಮಾತಿಗೆ ಮೊದಲು ನಾಲ್ವರ ಪ್ರಶ್ನೆ ಒಂದೇ ಆಗಬೇಕು. ‘ಮಂಗನ ಕಾಯಿಲೆಯ ಸಮಗ್ರ ಅಧ್ಯಯನ’ ಎಂದು ಬರೆದರೆ ನಾಲ್ಕು ಸಣ್ಣ ಯೋಜನೆಗಳನ್ನು ಒಂದು ದಾರದಲ್ಲಿ ಕಟ್ಟಿದ ಹಾಗೆ ಕಾಣುತ್ತದೆ. ಬದಲಿಗೆ ಹೀಗೆ ಕೇಳಿ: ‘ಸೊಪ್ಪಿನಬೆಟ್ಟದಿಂದ (ತೋಟಕ್ಕೆ ಸೊಪ್ಪು ತರುವ ಕಾಡಿನಿಂದ) ದರಗು, ಅಂದರೆ ಒಣ ಎಲೆ, ತರುವ ಮನೆಗಳಲ್ಲಿ ಉಣುಗಿನ ಕಡಿತ ಯಾವ ತಿಂಗಳು ಹೆಚ್ಚು, ಅದನ್ನು ತಗ್ಗಿಸುವುದು ಹೇಗೆ?’ ಉಣುಗಿನ ಜಾತಿ ಗುರುತಿಸಲು ನೀವು ಬೇಕು, ದನದ ಮೈಮೇಲಿನ ಉಣುಗು ನೋಡಲು ಪಶುವೈದ್ಯರು ಬೇಕು, ಜ್ವರ ಪತ್ತೆಗೆ ವೈದ್ಯರು ಬೇಕು. ಜನ ಯಾವಾಗ, ಯಾಕೆ ಕಾಡಿಗೆ ಹೋಗುತ್ತಾರೆ, ಉಣುಗು ಹತ್ತದಂತೆ ಮೈಗೆ ಹಚ್ಚಲು ಕೊಟ್ಟ ಡೆಪಾ ಎಣ್ಣೆಯನ್ನು ಯಾಕೆ ಹಚ್ಚಿಕೊಳ್ಳುವುದಿಲ್ಲ ಎಂದು ತಿಳಿಯಲು ಸಮಾಜಶಾಸ್ತ್ರಜ್ಞೆ ಬೇಕು. ಒಬ್ಬರನ್ನು ತೆಗೆದರೂ ಉತ್ತರ ಸಿಗದಂತಿದ್ದರೆ ಮಾತ್ರ ಅದು ತಂಡ.

ಪ್ರಧಾನ ಸಂಶೋಧಕರು ಒಬ್ಬರೇ ಇರಲಿ. ಅವರ ನಿವೃತ್ತಿಯ ದಿನಾಂಕ ಯೋಜನೆ ಮುಗಿಯುವ ದಿನಾಂಕದ ಆಚೆಗಿದೆಯೇ ಎಂದು ನೋಡಿಕೊಳ್ಳಿ. ಬಜೆಟ್ ಪಟ್ಟಿಯನ್ನು ಮಾತ್ರ ಸಂಸ್ಥೆಗೊಂದರಂತೆ ಬೇರೆ ಬೇರೆ ಮಾಡಿ, ಹಣ ನೇರವಾಗಿ ಆಯಾ ಸಂಸ್ಥೆಯ ಖಾತೆಗೆ ಬರುವಂತೆ ಕೇಳಿ. ಎಲ್ಲ ಹಣ ಒಂದೇ ವಿಶ್ವವಿದ್ಯಾಲಯಕ್ಕೆ ಬಂದರೆ ಅಲ್ಲಿಂದ ಉಳಿದವರಿಗೆ ದಾಟಿಸಲು ಒಪ್ಪಂದ, ಹಣಕಾಸು ಅಧಿಕಾರಿಯ ಒಪ್ಪಿಗೆ, ಲೆಕ್ಕಪರಿಶೋಧಕರ ಆಕ್ಷೇಪಣೆಗೆ ಉತ್ತರ ಎಂದು ತಿಂಗಳುಗಳು ಹೋಗುತ್ತವೆ. ಮಾರ್ಚ್ 31ಕ್ಕೆ ಆ ಹಣ ‘ಖರ್ಚಾಗದೆ ಉಳಿದದ್ದು’ ಎಂದು ಕಾಣಿಸಿಕೊಂಡು ಮುಂದಿನ ಕಂತು ನಿಲ್ಲುತ್ತದೆ. ಕೇಂದ್ರದ ಅನುದಾನಕ್ಕೆ ಪ್ರತಿ ಸಂಸ್ಥೆಯೂ ಜಿಎಫ್‌ಆರ್ (ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳು) 12-ಎ ನಮೂನೆಯಲ್ಲಿ ಬಳಕೆ ಪ್ರಮಾಣಪತ್ರ ಕೊಡಬೇಕು. ಅನುದಾನದ ಮೇಲೆ ಬಂದ ಬಡ್ಡಿಯನ್ನು ಖರ್ಚು ಮಾಡುವಂತಿಲ್ಲ, ಸರ್ಕಾರಕ್ಕೆ ಹಿಂದಿರುಗಿಸಬೇಕು.

ಇನ್ನು ಮೊತ್ತ. ಕೇಂದ್ರದ 2023ರ ದರದಂತೆ ಜೂನಿಯರ್ ರಿಸರ್ಚ್ ಫೆಲೋಗೆ ತಿಂಗಳಿಗೆ 37,000 ರೂಪಾಯಿ, ಸೀನಿಯರ್ ಆದ ಮೇಲೆ 42,000. ಎರಡು ವರ್ಷ ಜೂನಿಯರ್, ಒಂದು ವರ್ಷ ಸೀನಿಯರ್ ಎಂದರೆ ಒಬ್ಬರಿಗೇ 13,92,000 ರೂಪಾಯಿ. ಮನೆ ಬಾಡಿಗೆ ಭತ್ಯೆ ಊರಿನ ದರ್ಜೆಗೆ ತಕ್ಕಂತೆ ಬೇರೆ. ನಾಲ್ಕು ಫೆಲೋಗಳನ್ನು ಕೇಳುವ ಬದಲು ಇಬ್ಬರು ಫೆಲೋ, ಒಬ್ಬ ಕ್ಷೇತ್ರ ಸಹಾಯಕ, ಒಬ್ಬ ದತ್ತಾಂಶ ನಿರ್ವಾಹಕ ಎಂದು ಕೇಳಿ. ವೈರಾಣು ಪತ್ತೆಗೆ ಹೊಸ ಪಿಸಿಆರ್ ಯಂತ್ರ ಕೇಳಬೇಡಿ. ಇರುವ ಪ್ರಯೋಗಾಲಯಕ್ಕೆ ಮಾದರಿಯೊಂದಕ್ಕೆ ಇಷ್ಟು ಎಂದು ಪರೀಕ್ಷಾ ವೆಚ್ಚ ಹಾಕಿ. ಉಣುಗು ಸಂಗ್ರಹಕ್ಕೆ ನೆಲದ ಮೇಲೆ ಎಳೆಯುವ ಬಿಳಿ ಫ್ಲಾನೆಲ್ ಬಟ್ಟೆಗೆ ಹೆಚ್ಚು ಹಣ ಬೇಕಿಲ್ಲ, ಆದರೆ ಅದನ್ನು ಎಳೆಯುವ ಜಾಗಕ್ಕೆ ಹೋಗುವ ಜೀಪಿನ ಬಾಡಿಗೆ ಬೇಕು. ಮಲೆನಾಡಿನ ಯೋಜನೆಗಳಲ್ಲಿ ಪ್ರಯಾಣದ ಶೀರ್ಷಿಕೆಯೇ (ಬಜೆಟ್‌ನಲ್ಲಿ ಪ್ರಯಾಣಕ್ಕೆಂದು ಇಟ್ಟ ಹಣ) ಮೊದಲು ಬರಿದಾಗುತ್ತದೆ. ಒಂದು ಶೀರ್ಷಿಕೆಯಿಂದ ಇನ್ನೊಂದಕ್ಕೆ ಹಣ ತಿರುಗಿಸಲು ಅನುದಾನ ಕೊಟ್ಟವರ ಅನುಮತಿ ಬೇಕು.

ದತ್ತಾಂಶ ನಿರ್ವಾಹಕರ ಹುದ್ದೆಯನ್ನು ಯಾವ ಕಾರಣಕ್ಕೂ ಬಿಡಬೇಡಿ. ಇಂಥ ತಂಡಗಳ ಕೆಲಸ ಕೆಡುವುದು ಇಲ್ಲೇ. ಸತ್ತ ಮಂಗದ ದಾಖಲೆ ಅರಣ್ಯದ ಬೀಟ್ (ಒಬ್ಬ ಅರಣ್ಯ ರಕ್ಷಕನ ಗಸ್ತಿನ ವ್ಯಾಪ್ತಿ) ಹೆಸರಿನಲ್ಲಿರುತ್ತದೆ, ರೋಗಿಯ ದಾಖಲೆ ಆರೋಗ್ಯ ಉಪಕೇಂದ್ರದ ಹೆಸರಿನಲ್ಲಿ, ದನದ್ದು ಪಶು ಆಸ್ಪತ್ರೆಯ ವ್ಯಾಪ್ತಿಯಲ್ಲಿ. ಮೂರರ ಗಡಿಗಳೂ ಒಂದಕ್ಕೊಂದು ಹೊಂದುವುದಿಲ್ಲ. ಮೂರನೇ ವರ್ಷ ಎಲ್ಲವನ್ನೂ ಒಂದೇ ನಕ್ಷೆಯ ಮೇಲೆ ಇಡಲು ಹೋದಾಗ ಇದು ಗೊತ್ತಾದರೆ ಸರಿಪಡಿಸಲು ದಾರಿಯೇ ಇರುವುದಿಲ್ಲ. ಮೊದಲ ದಿನದಿಂದಲೇ ಪ್ರತಿ ಮಾದರಿಗೂ ಜಿಪಿಎಸ್ ಅಕ್ಷಾಂಶ ರೇಖಾಂಶ, ಕಂದಾಯ ಗ್ರಾಮದ ಸಂಕೇತ, ದಿನಾಂಕ ಇರಲಿ. ಮಾದರಿ ಸಂಖ್ಯೆಯ ಕ್ರಮ ನಾಲ್ವರಿಗೂ ಒಂದೇ ಆಗಿರಲಿ.

ಪ್ರಶ್ನೆ: ಹಿಂದಿನ ಯೋಜನೆಯೊಂದರಲ್ಲಿ ಮೊದಲ ಕಂತು ಫೆಬ್ರವರಿಯಲ್ಲಿ ಬಂತು. ಅನುಮತಿಗಳೆಲ್ಲ ಕೈಸೇರುವ ಹೊತ್ತಿಗೆ ಮಳೆ ಶುರುವಾಗಿತ್ತು. ಈ ಸಲ ಏನು ಮಾಡಬೇಕು?

ಉತ್ತರ: ನಿಮ್ಮ ಯೋಜನೆಯ ಕ್ಯಾಲೆಂಡರ್ ಬರೆಯಬೇಕಾದದ್ದು ಉಣುಗಿನ ಮರಿಗಳು. ಕಾಯಿಲೆ ಹೆಚ್ಚಾಗಿ ಕಾಣುವುದು ಡಿಸೆಂಬರಿನಿಂದ ಮೇ ತಿಂಗಳವರೆಗೆ, ಮರಿ ಉಣುಗುಗಳ ಕಾಲದಲ್ಲಿ. ಮೂರು ವರ್ಷ ಎಂದರೆ ಮೂರೇ ಹಂಗಾಮು. ಮೊದಲನೆಯದು ನೇಮಕಾತಿಯಲ್ಲಿ ಹೋದರೆ ಉಳಿಯುವುದು ಎರಡು, ಎರಡರಲ್ಲಿ ಒಂದು ವರ್ಷ ರೋಗ ಕಡಿಮೆಯಿದ್ದರೆ ಹೋಲಿಸಲು ಏನೂ ಇರುವುದಿಲ್ಲ. ಹಾಗಾಗಿ ಅನುದಾನ ಮಂಜೂರಾಗುವವರೆಗೆ ಕಾಯದೆ, ಅರ್ಜಿ ಹಾಕಿದ ವಾರದಲ್ಲೇ ಅನುಮತಿಗಳ ಕೆಲಸ ಆರಂಭಿಸಿ.

ಜನರಿಂದ ರಕ್ತ ಅಥವಾ ಮಾಹಿತಿ ಪಡೆಯಲು ಸಾಂಸ್ಥಿಕ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ) 2017ರ ಮಾರ್ಗಸೂಚಿಯಂತೆ ಅದರಲ್ಲಿ 7ರಿಂದ 15 ಸದಸ್ಯರಿರಬೇಕು, ಅಧ್ಯಕ್ಷರು ಸಂಸ್ಥೆಯ ಹೊರಗಿನವರಾಗಿರಬೇಕು, ಸಭೆಗೆ ಕನಿಷ್ಠ 5 ಮಂದಿ ಬೇಕು. ಸಮಿತಿ ಆರೋಗ್ಯ ಸಂಶೋಧನಾ ಇಲಾಖೆಯಲ್ಲಿ ನೋಂದಣಿ ಆಗಿದೆಯೇ ಎಂದು ವಿಚಾರಿಸಿ. ಹಲವು ಸಂಸ್ಥೆಗಳಿದ್ದಾಗ ಒಂದೇ ಸಮಿತಿಯಿಂದ ಸಾಮಾನ್ಯ ಪರಿಶೀಲನೆ ಮಾಡಿಸಿಕೊಳ್ಳಲು ಅದೇ ಮಾರ್ಗಸೂಚಿಯಲ್ಲಿ ಅವಕಾಶವಿದೆ. ಹಾಗೆ ಮಾಡಿದರೆ ನಾಲ್ಕು ಕಡೆ ನಾಲ್ಕು ರೀತಿಯ ತಿದ್ದುಪಡಿ ಬರುವುದು ತಪ್ಪುತ್ತದೆ. ಒಪ್ಪಿಗೆ ಪತ್ರ ಹಳ್ಳಿಯವರಿಗೆ ಓದಿ ಹೇಳಿದರೆ ಅರ್ಥವಾಗುವ ಕನ್ನಡದಲ್ಲಿರಲಿ.

ಕಾಡಿನೊಳಗೆ ಉಣುಗು ಹಿಡಿಯಲು, ಸತ್ತ ಮಂಗದ ಮಾದರಿ ತೆಗೆಯಲು ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು. ಜೀವಂತ ವೈರಾಣುವನ್ನು ಬೆಳೆಸುವ ಯೋಚನೆ ಕಾಲೇಜಿನ ಪ್ರಯೋಗಾಲಯದಲ್ಲಿ ಬೇಡವೇ ಬೇಡ. ಈ ವೈರಾಣು ಪ್ರಯೋಗಾಲಯದ ಸಿಬ್ಬಂದಿಗೇ ತಗುಲಿದ ಉದಾಹರಣೆಗಳಿವೆ. ಆ ಭಾಗಕ್ಕೆ ಉನ್ನತ ಜೈವಿಕ ಸುರಕ್ಷತೆಯ ಪ್ರಯೋಗಾಲಯವಿರುವ ಸಂಸ್ಥೆಯನ್ನು ಪಾಲುದಾರನಾಗಿ ಸೇರಿಸಿಕೊಳ್ಳಿ, ಅವರ ಖರ್ಚನ್ನೂ ಬಜೆಟ್‌ನಲ್ಲಿ ತೋರಿಸಿ.

ಪ್ರಶ್ನೆ: ಯೋಜನೆಯಲ್ಲಿ ನಾನು ಸಮಾಜಶಾಸ್ತ್ರದ ಸಹ ಸಂಶೋಧಕಿ. ನನ್ನ ಭಾಗಕ್ಕೆ ಇಟ್ಟಿರುವುದು ‘ಅರಿವು ಮೂಡಿಸುವ ಕರಪತ್ರ’ದ ಮುದ್ರಣ ವೆಚ್ಚ ಮಾತ್ರ. ಇದು ಸರಿಯೇ?

ಉತ್ತರ: ಸರಿಯಲ್ಲ. ಅಂಥ ಬಜೆಟ್ ನೋಡಿದ ಪರಿಶೀಲಕರಿಗೆ ನಿಮ್ಮ ಹೆಸರು ಅಲಂಕಾರಕ್ಕಿದೆ ಎಂದು ತಕ್ಷಣ ತಿಳಿಯುತ್ತದೆ. ಸಂದರ್ಶಕರ ಸಂಬಳ, ಧ್ವನಿಮುದ್ರಿತ ಸಂದರ್ಶನಗಳನ್ನು ಬರಹಕ್ಕಿಳಿಸುವ ಖರ್ಚು, ಹಳ್ಳಿಯಲ್ಲಿ ಉಳಿಯುವ ದಿನಗಳ ಭತ್ಯೆ ಕೇಳಿ. ಮಾದರಿ ಸಂಗ್ರಹಕ್ಕೆ ಹಳ್ಳಿಗಳನ್ನು ಆರಿಸುವ ಮುನ್ನವೇ ನಿಮ್ಮ ಕ್ಷೇತ್ರಕಾರ್ಯ ನಡೆಯುವಂತೆ ವೇಳಾಪಟ್ಟಿ ಹಾಕಿಸಿ. ಪ್ರಬಂಧಗಳ ಲೇಖಕರ ಕ್ರಮವನ್ನೂ ಅರ್ಜಿಯ ಹಂತದಲ್ಲೇ ಬರೆದು ನಾಲ್ವರೂ ಸಹಿ ಮಾಡಿ.

ಪ್ರಶ್ನೆ: ಬ್ರಿಟನ್ನಿನ ವಿಶ್ವವಿದ್ಯಾಲಯವೊಂದು ಹಣ ಕೊಡಲು ಸಿದ್ಧವಿದೆ. ನಮ್ಮ ಸಂಸ್ಥೆ ಪಡೆದು ಸ್ಥಳೀಯ ಸ್ವಯಂಸೇವಾ ಸಂಸ್ಥೆಗೆ ಒಂದು ಪಾಲು ಕೊಡಬಹುದೇ?

ಉತ್ತರ: ವಿದೇಶಿ ವಂತಿಗೆಯಾಗಿ ಬಂದ ಹಣವನ್ನು ಹಾಗೆ ದಾಟಿಸುವಂತಿಲ್ಲ. 2020ರ ತಿದ್ದುಪಡಿಯ ನಂತರ ವಿದೇಶಿ ವಂತಿಗೆ ಕಾಯ್ದೆ ಇದನ್ನು ನಿಷೇಧಿಸಿದೆ. ಆ ಸ್ವಯಂಸೇವಾ ಸಂಸ್ಥೆಗೇ ನೋಂದಣಿ ಅಥವಾ ಪೂರ್ವಾನುಮತಿ ಇರಬೇಕು, ಹಣ ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ ಬರಬೇಕು, ಬ್ರಿಟನ್ನಿನವರು ಅವರೊಂದಿಗೆ ಪ್ರತ್ಯೇಕ ಒಪ್ಪಂದ ಮಾಡಿಕೊಳ್ಳಬೇಕು. ವಿದೇಶಿ ಸಹಯೋಗದ ಆರೋಗ್ಯ ಸಂಶೋಧನೆಗೆ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯ ಒಪ್ಪಿಗೆಯೂ ಬೇಕು. ಅರ್ಜಿ ಐಸಿಎಂಆರ್ ಮೂಲಕ ಹೋಗುತ್ತದೆ. ಮಂಗನ ಕಾಯಿಲೆಯ ಮೇಲೆಯೇ ಬ್ರಿಟನ್ನಿನ ಹಣದಲ್ಲಿ ಬೆಂಗಳೂರಿನ ಏಟ್ರೀ (ಪರಿಸರ ಸಂಶೋಧನಾ ಸಂಸ್ಥೆ), ನಿವೇದಿ (ಪಶುರೋಗ ಸಂಶೋಧನಾ ಸಂಸ್ಥೆ) ಮುಂತಾದ ಸಂಸ್ಥೆಗಳು ಕೂಡಿ ಕೆಲಸ ಮಾಡಿವೆ. ಕಾಡು ಮತ್ತು ತೋಟ ಬೆರೆತ ಜಾಗಗಳಲ್ಲಿ ಅಪಾಯ ಹೆಚ್ಚು ಎಂಬುದನ್ನು ನಕ್ಷೆಯಲ್ಲಿ ತೋರಿಸಿದ್ದು ಆ ತಂಡ. ಅವರ ಪ್ರಕಟಿತ ಪ್ರಬಂಧಗಳಲ್ಲಿ ಯಾರು ಯಾವ ಕೆಲಸ ಮಾಡಿದರು ಎಂಬ ವಿವರವೂ ಇರುತ್ತದೆ. ನಿಮ್ಮ ಒಪ್ಪಂದದ ಕರಡು ಬರೆಯುವ ಮೊದಲು ಅದನ್ನು ಓದಿ.