ಸೇಂಟ್ ಲೂಸಿಯಾ: ಉತ್ತರದಲ್ಲಿ ತಂಗಿದ್ದುಕೊಂಡು ದಕ್ಷಿಣವನ್ನು ಒಂದೇ ದಿನದಲ್ಲಿ ನೋಡಿ ಬರಬಹುದೇ?

ಕೆರಿಬಿಯನ್ ದ್ವೀಪ ಸೇಂಟ್ ಲೂಸಿಯಾದಲ್ಲಿ ತಂದೆ ತಾಯಿಯೊಂದಿಗೆ ಐದು ದಿನ, ಉತ್ತರದ ರಾಡ್ನಿ ಬೇಯ ಕಡಲತೀರದಲ್ಲಿ ಹೋಟೆಲು, ನಡುವೆ ಒಂದು ದಿನ ವ್ಯಾನು ಮಾಡಿಕೊಂಡು ಹೋಗಿ ಪಿಟಾನ್ ಶಿಖರಗಳು, ಗಂಧಕದ ಬುಗ್ಗೆ, ಜಲಪಾತ, ಹವಳದ ದಿಬ್ಬ ಎಲ್ಲವನ್ನೂ ಮುಗಿಸುವುದು: ನಿಮ್ಮ ಯೋಜನೆಯನ್ನು ಓದುತ್ತಿದ್ದಂತೆ 2018ರ ಜನವರಿಯಲ್ಲಿ ನಾನು ಬರೆದಿಟ್ಟುಕೊಂಡಿದ್ದ ಚೀಟಿ ನಿಮಗೆ ಹೇಗೆ ಸಿಕ್ಕಿತು ಎಂದು ಒಂದು ಕ್ಷಣ ಅನುಮಾನವಾಯಿತು. ನಾನು ನ್ಯೂಜೆರ್ಸಿಯಿಂದ ಹೆಂಡತಿ ಮತ್ತು ಅರವತ್ತೆಂಟು ವರ್ಷದ ಅಮ್ಮನೊಂದಿಗೆ ಹೋಗಿದ್ದೆ. ಅಮ್ಮ ಪುತ್ತೂರಿನವರು, ಮೊದಲ ಬಾರಿಗೆ ಅಮೆರಿಕಕ್ಕೆ ಬಂದಿದ್ದರು ಮತ್ತು ಅಲ್ಲಿನ ಚಳಿಗೆ ಹೆದರಿ ಮನೆಯಿಂದ ಹೊರಬರುವುದನ್ನೇ ನಿಲ್ಲಿಸಿದ್ದರು. ಅವರಿಗೆ ಒಂದಿಷ್ಟು ಬಿಸಿಲು ತೋರಿಸಬೇಕೆಂಬುದೇ ಆ ಪ್ರವಾಸದ ಮೂಲ ಉದ್ದೇಶವಾಗಿತ್ತು.

ನನ್ನ ತಪ್ಪನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ಅದು ಅವಸರದಲ್ಲಿ ಆದದ್ದಲ್ಲ. ಮೂರು ವಾರ ಕುಳಿತು, ಲೆಕ್ಕ ಹಾಕಿ ಮಾಡಿದ ತಪ್ಪು. ದ್ವೀಪದ ಉದ್ದ ಸುಮಾರು 43 ಕಿಲೋಮೀಟರ್, ಅಗಲ ಸುಮಾರು 22 ಕಿಲೋಮೀಟರ್ ಎಂದು ಓದಿದೆ. ಬೆಂಗಳೂರಿನಿಂದ ರಾಮನಗರಕ್ಕಿರುವಷ್ಟು ದೂರವೂ ಇಲ್ಲದ ಊರಿನಲ್ಲಿ ಈ ತುದಿಯಲ್ಲಿ ಮಲಗಿದರೇನು, ಆ ತುದಿಯಲ್ಲಿ ಮಲಗಿದರೇನು ಎಂದುಕೊಂಡೆ. ಅದರ ಮೇಲೆ, ನಾನು ಆರಿಸಿದ ಹೋಟೆಲಿನ ಪುಟದಲ್ಲಿ ‘ವಿಮಾನ ನಿಲ್ದಾಣಕ್ಕೆ ಇಪ್ಪತ್ತೇ ನಿಮಿಷ’ ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಇಷ್ಟು ಸಣ್ಣ ದ್ವೀಪದಲ್ಲಿ ಎರಡು ವಿಮಾನ ನಿಲ್ದಾಣಗಳಿರಬಹುದು ಎಂಬ ಯೋಚನೆಯೇ ನನಗೆ ಬರಲಿಲ್ಲ. ರಾಜಧಾನಿ ಕ್ಯಾಸ್ಟ್ರೀಸ್‌ನ ಪಕ್ಕದಲ್ಲಿರುವ ಚಿಕ್ಕ ನಿಲ್ದಾಣದಲ್ಲಿ ನೆರೆಯ ದ್ವೀಪಗಳಿಂದ ಬರುವ ಸಣ್ಣ ವಿಮಾನಗಳು ಮಾತ್ರ ಇಳಿಯುತ್ತವೆ. ಹೋಟೆಲಿನವರು ಬರೆದದ್ದು ಅದರ ಬಗ್ಗೆ, ಮತ್ತು ಅದು ಸುಳ್ಳೂ ಅಲ್ಲ. ಅಮೆರಿಕ, ಕೆನಡಾ, ಇಂಗ್ಲೆಂಡುಗಳಿಂದ ಬರುವ ದೊಡ್ಡ ವಿಮಾನಗಳು ಇಳಿಯುವ ಹೆವನೋರಾ ನಿಲ್ದಾಣ ದ್ವೀಪದ ದಕ್ಷಿಣದ ತುದಿಯಲ್ಲಿ, ವ್ಯೂ ಫೋರ್ಟ್ ಊರಿನ ಬಳಿ ಇದೆ. ನೀವು ನೋಡಬೇಕೆಂದಿರುವ ಬೆಟ್ಟ, ಬುಗ್ಗೆ, ಜಲಪಾತಗಳೆಲ್ಲ ಇರುವ ಸೂಫ್ರಿಯೇರ್ ಪಟ್ಟಣಕ್ಕೆ ಅಲ್ಲಿಂದ ಒಂದು ಗಂಟೆಯೂ ಬೇಡ. ನಾನು ಕೈಯಲ್ಲಿ ಬೆಣ್ಣೆ ಹಿಡಿದುಕೊಂಡು ತುಪ್ಪಕ್ಕೆ ಅಲೆದವನಂತೆ, ಸೂಫ್ರಿಯೇರ್‌ಗೆ ಬೆನ್ನು ತಿರುಗಿಸಿ ಉತ್ತರಕ್ಕೆ ಹೊರಟೆ.

ಆ ದಾರಿ ಅಟ್ಲಾಂಟಿಕ್ ಕರಾವಳಿಯುದ್ದಕ್ಕೂ ಸಾಗಿ, ಡೆನರಿ ಊರು ದಾಟಿದ ಮೇಲೆ ಕಾಡು ತುಂಬಿದ ಬಾರ್ ಡಿ ಲೀಲ್ ಏಣನ್ನು ಹತ್ತಿ ಕ್ಯಾಸ್ಟ್ರೀಸ್‌ಗೆ ಇಳಿಯುತ್ತದೆ. ನಮ್ಮ ಘಟ್ಟದ ರಸ್ತೆಗಳನ್ನು ಕಂಡವರಿಗೆ ಅದು ಹೊಸದಲ್ಲ. ಅಲ್ಲಿಯೂ ವಾಹನಗಳು ರಸ್ತೆಯ ಎಡಕ್ಕೇ ಓಡುತ್ತವೆ. ಆದರೆ ಬೆಳಗಿನ ಜಾವ ಎದ್ದು ವಿಮಾನ ಹತ್ತಿದ ಅಮ್ಮನಿಗೆ ಆ ತಿರುವುಗಳು ಅತಿಯಾದವು. ಎರಡು ಗಂಟೆಯ ನಂತರ ಹೋಟೆಲು ತಲುಪಿದಾಗ ಅವರು ಸಮುದ್ರದ ಕಡೆಗೆ ಕಣ್ಣೆತ್ತಿಯೂ ನೋಡದೆ ಹಾಸಿಗೆ ಹಿಡಿದರು.

ಮೂರನೆಯ ದಿನ ‘ಒಂದೇ ದಿನದಲ್ಲಿ ಎಲ್ಲವೂ’ ಎಂಬ ವ್ಯಾನ್ ಪ್ರವಾಸಕ್ಕೆ ಹೋದೆವು. ಈ ಬಾರಿ ಪಶ್ಚಿಮ ಕರಾವಳಿಯ ರಸ್ತೆ; ಮಾರಿಗಾ ಬೇ, ಆನ್ಸ್ ಲಾ ರೇ, ಕ್ಯಾನರೀಸ್ ಎಂಬ ಮೀನುಗಾರರ ಊರುಗಳಿಗೆ ಒಮ್ಮೆ ಇಳಿಯುವುದು, ಮತ್ತೆ ಏರುವುದು. ಸೂಫ್ರಿಯೇರ್‌ಗಿಂತ ಸ್ವಲ್ಪ ಮೊದಲು ರಸ್ತೆ ತಿರುಗಿದಾಗ ಎರಡು ಪಿಟಾನ್‌ಗಳು ಒಮ್ಮೆಲೇ ಎದುರಾದವು. ಅದನ್ನು ವರ್ಣಿಸುವ ಪ್ರಯತ್ನ ಮಾಡುವುದಿಲ್ಲ. ಆ ದೇಶದ ಧ್ವಜದ ಮೇಲಿರುವ ತ್ರಿಕೋನಗಳು ಆ ಶಿಖರಗಳೇ ಎಂದರೆ ಸಾಕು. ನಮ್ಮ ಚಾಲಕ ಅಲ್ಲಿ ಫೋಟೋ ತೆಗೆಯಲು ಐದು ನಿಮಿಷ ಕೊಟ್ಟ. ಅಂದು ಕ್ಯಾಸ್ಟ್ರೀಸ್ ಬಂದರಿಗೆ ಎರಡು ಕ್ರೂಸ್ ಹಡಗುಗಳು ಬಂದಿದ್ದವು. ಅವುಗಳ ಪ್ರಯಾಣಿಕರೂ ನಮ್ಮ ಹಾಗೆಯೇ ವ್ಯಾನುಗಳಲ್ಲಿ ತುಂಬಿಕೊಂಡು, ನಮ್ಮ ಹಾಗೆಯೇ ಹತ್ತೂವರೆಯ ಹೊತ್ತಿಗೆ ಅದೇ ಜಾಗಕ್ಕೆ ಬಂದಿಳಿದರು.

ಗಂಧಕದ ಬುಗ್ಗೆಗಳ ಬಳಿ ಭೂಮಿ ಬೂದುಬಣ್ಣಕ್ಕೆ ತಿರುಗಿ, ಬಿರುಕುಗಳಿಂದ ಹಬೆ ಬುಸುಗುಟ್ಟುತ್ತಾ, ಕಪ್ಪು ಕೆಸರು ಅಂಬಲಿಯ ಹಾಗೆ ಕುದಿಯುತ್ತಿರುತ್ತದೆ. ಕಾರಿನಲ್ಲಿಯೇ ಜ್ವಾಲಾಮುಖಿಯ ಹತ್ತಿರ ಹೋಗಬಹುದೆಂಬುದು ಅದರ ಪ್ರಚಾರ. ಹಿಂದೆ ಜನರು ಕುದಿಯುವ ಗುಂಡಿಗಳ ಅಂಚಿನವರೆಗೂ ನಡೆದು ಹೋಗುತ್ತಿದ್ದರಂತೆ. ಮೇಲಿನ ತೆಳುವಾದ ಪದರ ಮುರಿದು ಗೈಡ್ ಒಬ್ಬರು ಸುಟ್ಟುಕೊಂಡ ಮೇಲೆ ಕಟಕಟೆಯ ಈಚೆಯಿಂದಲೇ ನೋಡಬೇಕು. ಕೆಳಗಿನ ಕೊಳದಲ್ಲಿ ಕೆಸರು ಬಳಿದುಕೊಂಡು, ಅದು ಒಣಗಿದ ಮೇಲೆ ಬಿಸಿನೀರಿನಲ್ಲಿ ತೊಳೆದುಕೊಳ್ಳುವುದು ವಾಡಿಕೆ. ನಮಗೆ ಸಿಕ್ಕಿದ್ದು ಇಪ್ಪತ್ತು ನಿಮಿಷ, ಜೊತೆಗೆ ಸುತ್ತಲೂ ಐವತ್ತು ಜನ. ನೀರಿನಿಂದ ಹೊರಬಂದ ಹೆಂಡತಿ ಕಾಲು ನೋಡಿಕೊಂಡು ಗಾಬರಿಯಾದಳು: ಅವಳ ಬೆಳ್ಳಿಯ ಕಾಲುಂಗುರಗಳು ಕಬ್ಬಿಣದ ಬಳೆಯ ಹಾಗೆ ಕಪ್ಪಾಗಿದ್ದವು, ಕೊರಳಿನ ಚಿನ್ನಕ್ಕೆ ಏನೂ ಆಗಿರಲಿಲ್ಲ. ಅಲ್ಲಿನ ಹಬೆಯಲ್ಲಿರುವ ಹೈಡ್ರೋಜನ್ ಸಲ್ಫೈಡ್ ಬೆಳ್ಳಿಯೊಂದಿಗೆ ಸೇರಿ ಕಪ್ಪು ಪದರ ಕಟ್ಟುತ್ತದೆಂದು ನನಗೆ ಗೊತ್ತಿತ್ತು; ಕೊಳೆತ ಮೊಟ್ಟೆಯ ನಾತಕ್ಕೂ ಕಾರಣ ಅದೇ ಅನಿಲ. ಅಮ್ಮನಿಗೆ ರಸಾಯನಶಾಸ್ತ್ರದಲ್ಲಿ ನಂಬಿಕೆ ಇರಲಿಲ್ಲ. ಸಂಜೆಯವರೆಗೂ ಅವರು ಅದನ್ನು ಅಪಶಕುನವೆಂದೇ ಹೇಳುತ್ತಿದ್ದರು.

ಡೈಮಂಡ್ ಜಲಪಾತಕ್ಕೆ ಹದಿನೈದು ನಿಮಿಷ. ಕರಗಿದ ಖನಿಜಗಳನ್ನು ಹೊತ್ತು ಬರುವ ನೀರು ಬಂಡೆಗೆ ಹಳದಿ, ಹಸಿರು, ಕಂದು ಬಣ್ಣಗಳನ್ನು ಬಳಿದಿರುವುದನ್ನು ನೋಡಿದೆವು. 1784ರಲ್ಲಿ ಫ್ರೆಂಚ್ ಸೈನಿಕರಿಗಾಗಿ ಕಟ್ಟಿಸಿದ ಬಿಸಿನೀರಿನ ಸ್ನಾನದ ತೊಟ್ಟಿಗಳನ್ನು ನೋಡಲು ಸಮಯವಿರಲಿಲ್ಲ. ಹವಳದ ದಿಬ್ಬವನ್ನು ಚಾಲಕ ಕೈಬಿಟ್ಟ. ಮತ್ತೆ ಎರಡು ಗಂಟೆ ತಿರುವುಗಳು, ಅಮ್ಮನ ಕೈಯಲ್ಲಿ ಪ್ಲಾಸ್ಟಿಕ್ ಚೀಲ.

ನಿಮ್ಮ ಪ್ರಶ್ನೆಯ ಬುಡವೇ ನನಗೆ ಒಪ್ಪಿಗೆಯಾಗದಿರುವುದು ಈ ಕಾರಣಕ್ಕೆ. ‘ಒಂದು ದಿನದಲ್ಲಿ ಎಷ್ಟು ಸ್ಥಳ ನೋಡಬಹುದು’ ಎಂದು ಕೇಳಿದ್ದೀರಿ, ಆದರೆ ಅಲ್ಲಿ ಬೇರೆಬೇರೆ ಸ್ಥಳಗಳೇ ಇಲ್ಲ. ಎಲ್ಲವೂ ಒಂದೇ ಜ್ವಾಲಾಮುಖಿಯ ಅಂಗಗಳು. ದೊಡ್ಡದೊಂದು ಜ್ವಾಲಾಮುಖಿ ಕುಸಿದು ಉಂಟಾದ ಕ್ವಾಲಿಬೌ ಎಂಬ ಬೋಗುಣಿಯಂಥ ತಗ್ಗಿನಲ್ಲಿ ಸೂಫ್ರಿಯೇರ್ ಪಟ್ಟಣ ಕುಳಿತಿದೆ. ಸೂಫ್ರಿಯೇರ್ ಎಂಬ ಹೆಸರೇ ಫ್ರೆಂಚ್ ಭಾಷೆಯಲ್ಲಿ ಗಂಧಕಕ್ಕೆ ಸಂಬಂಧಿಸಿದ್ದು. ಎರಡು ಪಿಟಾನ್‌ಗಳು ಆ ಜ್ವಾಲಾಮುಖಿಯ ಮಗ್ಗುಲಲ್ಲಿ ಎರಡು ಮೂರು ಲಕ್ಷ ವರ್ಷಗಳ ಹಿಂದೆ ಲಾವಾ ಹೆಪ್ಪುಗಟ್ಟಿ ನಿಂತ ಗುಮ್ಮಟಗಳ ಅವಶೇಷ. ಬುಗ್ಗೆ ಅದರ ಆರದ ಒಲೆ, ಬಣ್ಣದ ಜಲಪಾತ ಆ ಒಲೆಯ ನೀರು, ಕಡಲತೀರದ ಕಪ್ಪು ಮರಳು ಅದರದೇ ಪುಡಿ. ಶಿಖರಗಳಿಂದ ಸಮುದ್ರದೊಳಗಿನ ಹವಳದವರೆಗೆ ಸುಮಾರು 2,900 ಹೆಕ್ಟೇರುಗಳನ್ನು ಯುನೆಸ್ಕೋ 2004ರಲ್ಲಿ ಒಂದೇ ವಿಶ್ವ ಪರಂಪರೆಯ ತಾಣವೆಂದು ಸೇರಿಸಿತು. ಇದನ್ನು ವ್ಯಾನಿನ ಕಿಟಕಿಯಿಂದ ತುಂಡುತುಂಡಾಗಿ ನೋಡುವುದಕ್ಕಿಂತ, ಅದರ ಮಡಿಲಲ್ಲೇ ಎರಡು ಬೆಳಗು ಏಳುವುದು ಮೇಲು.

ನಾಲ್ಕನೆಯ ದಿನ ಬೆಳಿಗ್ಗೆ ನಾವು ಗಂಟುಮೂಟೆ ಕಟ್ಟಿದೆವು. ಉಳಿದ ಎರಡು ರಾತ್ರಿಗಳ ಬಾಡಿಗೆ ವಾಪಸು ಬರಲಿಲ್ಲ; ಕಡಿಮೆ ದರಕ್ಕೆ ಆಸೆಪಟ್ಟು ರದ್ದು ಮಾಡಲಾಗದ ಬುಕಿಂಗ್ ಮಾಡಿಸಿದ್ದವನು ನಾನೇ. ಆದರೂ ಸೂಫ್ರಿಯೇರ್‌ನ ಮೇಲಿನ ಇಳಿಜಾರಿನಲ್ಲಿ ಒಬ್ಬ ಹಿರಿಯ ಮಹಿಳೆ ನಡೆಸುತ್ತಿದ್ದ ನಾಲ್ಕು ಕೋಣೆಗಳ ಅತಿಥಿಗೃಹ ಸಿಕ್ಕಿತು. ಹಿತ್ತಲಿನಲ್ಲಿ ಕೋಕೋ ಬೀಜಗಳನ್ನು ಮರದ ತಟ್ಟೆಗಳಲ್ಲಿ ಒಣಹಾಕಿದ್ದರು. ಅಡಿಕೆ ತೋಟದ ನಡುವೆ ಕೋಕೋ ಬೆಳೆದ ಮನೆಯ ನನ್ನ ಅಮ್ಮ ಎರಡು ಬೀಜಗಳನ್ನು ಕೈಗೆತ್ತಿಕೊಂಡು, ಉಗುರಿನಿಂದ ಸಿಪ್ಪೆ ಸುಲಿದು ಮೂಸಿ, ‘ಇನ್ನೂ ಎರಡು ಬಿಸಿಲು ಬೇಕು’ ಎಂದರು. ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿದಾಗ ಆ ಮಹಿಳೆ ತಲೆಯಾಡಿಸಿ ಒಪ್ಪಿಕೊಂಡರು. ಅಲ್ಲಿಂದ ಮುಂದೆ ಅಮ್ಮ ನಮ್ಮ ಕೈಗೆ ಸಿಗಲಿಲ್ಲ.

ಮರುದಿನ ನಾನೂ ಹೆಂಡತಿಯೂ ಎರಡು ಪಿಟಾನ್‌ಗಳಲ್ಲಿ ದೊಡ್ಡದಾದ ಗ್ರೋ ಪಿಟಾನ್ ಹತ್ತಿದೆವು. ಎತ್ತರ ಸುಮಾರು 770 ಮೀಟರ್. ದ್ವೀಪದ ಅತಿ ಎತ್ತರದ ಬೆಟ್ಟ ಇದಲ್ಲ, ಒಳನಾಡಿನ 950 ಮೀಟರಿನ ಮೌಂಟ್ ಗಿಮಿ. ಚಾರಣ ಆರಂಭವಾಗುವ ಹಳ್ಳಿಯ ಹೆಸರು ಫಾಂ ಜಾಂ ಲೀಬ್ರ್, ಅಂದರೆ ಸ್ವತಂತ್ರ ಜನರ ಕಣಿವೆ. 18ನೆಯ ಶತಮಾನದ ಕೊನೆಯಲ್ಲಿ ತೋಟಗಳಿಂದ ತಪ್ಪಿಸಿಕೊಂಡ ಗುಲಾಮರು ಈ ಬೆಟ್ಟವನ್ನು ಅಡಗುದಾಣ ಮಾಡಿಕೊಂಡಿದ್ದರು. ನಮ್ಮ ಗೈಡ್ ತಾನು ಅವರ ವಂಶದವನೆಂದು ಹೇಳಿದ. ಊರಿನ ಗೈಡ್ ಇಲ್ಲದೆ ಹತ್ತಲು ಬಿಡುವುದಿಲ್ಲ, ಅದು ಸರಿಯಾದ ನಿಯಮವೂ ಹೌದು. ಅರ್ಧ ದಾರಿಯವರೆಗೆ ನಡಿಗೆ ಸಲೀಸು, ಅಲ್ಲಿನ ಕಟ್ಟೆಯಿಂದ ಪೆಟಿ ಪಿಟಾನ್ ಪೂರ್ತಿಯಾಗಿ ಕಾಣುತ್ತದೆ. ಉಳಿದರ್ಧ ಬಂಡೆ ಮತ್ತು ಬೇರುಗಳ ಮೆಟ್ಟಿಲು, ಕೈಯೂರಿ ಹತ್ತಬೇಕು. ಬೆಳಿಗ್ಗೆ ಆರೂವರೆಗೆ ಹೊರಟದ್ದರಿಂದ ಬಿಸಿಲೇರುವ ಮೊದಲೇ ತುದಿಯಲ್ಲಿದ್ದೆವು. ನಿಮ್ಮ ತಂದೆ ತಾಯಿಯನ್ನು ಇಲ್ಲಿಗೆ ಕರೆದೊಯ್ಯಬೇಡಿ. ಅವರಿಗೆ ಟೆಟ್ ಪಾಲ್ ಎಂಬ ಕಾಲುದಾರಿ ಇದೆ. ಮುಕ್ಕಾಲು ಗಂಟೆಯ ಸುತ್ತು, ಎರಡೂ ಪಿಟಾನ್‌ಗಳ ನಡುವೆ ಸಮುದ್ರ ಕಾಣುತ್ತದೆ. ಅಮ್ಮ ಅದನ್ನು ಸೀರೆಯಲ್ಲೇ ನಡೆದರು.

ಅಂದು ಮಧ್ಯಾಹ್ನ ದೋಣಿಯಲ್ಲಿ ಆನ್ಸ್ ಶಾಸ್ಟನೆ ತೀರಕ್ಕೆ ಹೋದೆವು. ಅಲ್ಲಿ ಹವಳ ನೋಡಲು ಸಮುದ್ರದ ನಡುವಿಗೆ ಹೋಗಬೇಕಾಗಿಲ್ಲ. ದಡದಿಂದ ಕೆಲವೇ ಮಾರು ಈಜಿದರೆ ದಿಬ್ಬ ಶುರುವಾಗುತ್ತದೆ. ನೀರಿನೊಳಗೆ ನಾನು ಕಂಡದ್ದಕ್ಕಿಂತ ಹೆಚ್ಚಾಗಿ ನೆನಪಿರುವುದು ಸಂಜೆ ಮನೆಗೆ ಮರಳಿದಾಗ ಕಂಡ ದೃಶ್ಯ. ಅತಿಥಿಗೃಹದ ಒಡತಿ ಬ್ರೆಡ್‌ಫ್ರೂಟನ್ನು ಇಡಿಯಾಗಿ ಕೆಂಡದ ಮೇಲಿಟ್ಟು ಸುಡುತ್ತಿದ್ದರು, ಸಿಪ್ಪೆ ಕರಿಯಾಗಿ ಬಿರಿದಿತ್ತು. ಪಕ್ಕದಲ್ಲಿ ಅಮ್ಮ ಇನ್ನೊಂದು ಕಾಯಿಯನ್ನು ತೆಳ್ಳಗೆ ಹೋಳು ಮಾಡಿ ಕಡಲೆಹಿಟ್ಟಿಲ್ಲವೆಂದು ಪೇಚಾಡುತ್ತಿದ್ದರು. ‘ಇದು ನಮ್ಮ ಜೀಗುಜ್ಜೆ ಅಲ್ಲವೇನೋ! ಇವರು ಪೋಡಿ ಮಾಡುವುದೇ ಇಲ್ಲವಂತೆ’ ಎಂದರು. ಗುಲಾಮರಿಗೆ ಅಗ್ಗದ ಆಹಾರವಾಗಲೆಂದು ಬ್ರಿಟಿಷ್ ನೌಕಾಪಡೆಯ ಕ್ಯಾಪ್ಟನ್ ಬ್ಲೈ 1793ರಲ್ಲಿ ತಹೀಟಿಯಿಂದ ಇದೇ ಮರದ ಸಸಿಗಳನ್ನು ಹಡಗಿನಲ್ಲಿ ವೆಸ್ಟ್ ಇಂಡೀಸಿಗೆ ತಂದ ಕಥೆಯನ್ನು ನಾನು ಹೇಳಲು ಹೋದೆ. ಇಬ್ಬರಲ್ಲಿ ಯಾರೂ ಕೇಳಿಸಿಕೊಳ್ಳಲಿಲ್ಲ. ಕೊನೆಗೆ ಮೈದಾಹಿಟ್ಟಿನಲ್ಲಿಯೇ ಪೋಡಿ ಕರಿದರು.

ಉತ್ತರದಲ್ಲಿ ಏನೂ ಇಲ್ಲವೆಂದು ನಾನು ಹೇಳುತ್ತಿಲ್ಲ. ಪಿಜನ್ ಐಲೆಂಡಿನ ಹಳೆಯ ಬ್ರಿಟಿಷ್ ಕೋಟೆಯನ್ನು ಹತ್ತಿದರೆ ಒಳ್ಳೆಯ ನೋಟವಿದೆ, ಮತ್ತು 2006ರಲ್ಲಿ ನಮ್ಮ ದ್ರಾವಿಡ್ 140 ರನ್ ಹೊಡೆದ ಕ್ರೀಡಾಂಗಣ ಅಲ್ಲೇ ಗ್ರೋ ಐಲೆಯಲ್ಲಿದೆ. ಅಷ್ಟಕ್ಕೆ ಒಂದು ದಿನ ಧಾರಾಳವಾಯಿತು.

ಹಾಗಾಗಿ ನಿಮ್ಮ ಯೋಜನೆಯನ್ನು ತಿರುವಿಹಾಕಿ: ಹೆವನೋರಾದಲ್ಲಿ ಇಳಿದವರು ನೇರವಾಗಿ ಸೂಫ್ರಿಯೇರ್‌ಗೆ ಹೋಗಿ ಅಲ್ಲೇ ನಾಲ್ಕು ರಾತ್ರಿ ಇರಿ, ಉತ್ತರವನ್ನೇ ಒಂದು ದಿನದ ಪ್ರವಾಸ ಮಾಡಿಕೊಳ್ಳಿ, ಅದು ತಪ್ಪಿಹೋದರೂ ದುಃಖಪಡಬೇಡಿ. ನಿಮ್ಮ ಬುಕಿಂಗನ್ನು ಇನ್ನೂ ರದ್ದು ಮಾಡಬಹುದೇ ಎಂದು ಇಂದೇ ನೋಡಿ. ಬುಗ್ಗೆಗಳಿಗೆ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಹೋಗಿ, ಆಗ ಹಡಗಿನವರು ಇನ್ನೂ ತಿಂಡಿ ತಿನ್ನುತ್ತಿರುತ್ತಾರೆ. ನಿಮ್ಮ ತಾಯಿಯವರು ಕಾಲುಂಗುರವನ್ನೂ ಬೆಳ್ಳಿಯ ಗೆಜ್ಜೆಯನ್ನೂ ಕೋಣೆಯಲ್ಲೇ ಬಿಚ್ಚಿಟ್ಟು ಬರಲಿ. ಕಾಲುಂಗುರ ತೆಗೆಯುವುದಕ್ಕೆ ಅವರು ಒಪ್ಪದಿದ್ದರೆ ಮನೆಗೆ ಮರಳಿದ ಮೇಲೆ ಬೆಳ್ಳಿಯ ಪಾಲಿಶ್‌ನಿಂದ ಉಜ್ಜಿದರೆ ಕಪ್ಪು ಬಹುಪಾಲು ಹೋಗುತ್ತದೆ.