ಎಮರ್ಜೆನ್ಸಿ ಚೀಲಕ್ಕಿಂತ ಮೊದಲು ನೀರಿನ ಕ್ಯಾನು

ಪ್ರಶ್ನೆ: ನೆರೆ, ಭೂಕಂಪದ ಸುದ್ದಿ ಓದಿದಾಗಲೆಲ್ಲ ಮನೆಯಲ್ಲೂ ಏನಾದರೂ ಸಿದ್ಧತೆ ಇರಬೇಕು ಅನಿಸುತ್ತದೆ. ಆದರೆ ಉದ್ದುದ್ದ ಪಟ್ಟಿಗಳನ್ನು ನೋಡಿ ಕೈಬಿಡುತ್ತೇನೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಪಟ್ಟಿ ಪಕ್ಕಕ್ಕಿಡಿ. ಇವತ್ತು ನೀರು ತುಂಬಿಸಿಡಿ, ಅಷ್ಟು ಸಾಕು. ಕುಡಿಯಲು, ಅಡುಗೆಗೆ, ಕೈ ತೊಳೆಯಲು ಸೇರಿ ಒಬ್ಬರಿಗೆ ದಿನಕ್ಕೆ ಸುಮಾರು 4 ಲೀಟರ್. ನಾಲ್ವರ ಮನೆಗೆ ಮೂರು ದಿನಕ್ಕೆ 48 ಲೀಟರ್ ಆಯಿತು. ಕ್ಯಾನಿನ ಮೇಲೆ ತಾರೀಕು ಬರೆದು, ಆರು ತಿಂಗಳಿಗೊಮ್ಮೆ ಬದಲಿಸಿ.

ನಮ್ಮ ಮನೆಗೆ ಒಂದು ರಾತ್ರಿ ನೀರು ನುಗ್ಗಿದಾಗ ಟಾರ್ಚ್ ಇತ್ತು, ಹತ್ತಲಿಲ್ಲ. ಬಿಚ್ಚಿ ನೋಡಿದರೆ ಸೆಲ್ ಸೋರಿ ಸ್ಪ್ರಿಂಗಿಗೆಲ್ಲ ಬಿಳಿ ಪುಡಿ ಮೆತ್ತಿಕೊಂಡಿತ್ತು. ಅಮ್ಮನ ಬಿಪಿ ಮಾತ್ರೆಗಾಗಿ ಕತ್ತಲಲ್ಲಿ ತಡಕಾಡಿದ್ದು ಇನ್ನೂ ಮರೆತಿಲ್ಲ. ಆಮೇಲಿಂದ ಸೆಲ್‌ಗಳನ್ನು ಹೊರಗೆ ತೆಗೆದು, ಟಾರ್ಚಿನ ಜೊತೆಗೇ ಒಂದು ಚೀಲದಲ್ಲಿಡುತ್ತೇನೆ. ವಾರದ ಮಾತ್ರೆ, ವೈದ್ಯರ ಚೀಟಿ, ದಾಖಲೆಗಳ ಜೆರಾಕ್ಸ್, ಚಿಲ್ಲರೆ ನೋಟುಗಳೂ ಅದರಲ್ಲೇ. ಮೇಣದಬತ್ತಿಯನ್ನು ಮಾತ್ರ ನಂಬಬೇಡಿ. ಗ್ಯಾಸ್ ಸೋರುತ್ತಿದ್ದರೆ ಒಂದು ಕಿಡಿ ಸಾಕು.

ಬೇರೆ ಊರಿನಲ್ಲಿರುವ ನೆಂಟರೊಬ್ಬರ ನಂಬರನ್ನು ಎಲ್ಲರೂ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಫೋನ್ ಕರೆ ಸಿಗದಿದ್ದಾಗಲೂ ಎಸ್‌ಎಂಎಸ್ ಎಷ್ಟೋ ಸಲ ತಲುಪುತ್ತದೆ. ಗ್ಯಾಸ್ ವಾಲ್ವ್, ಮೈನ್ ಸ್ವಿಚ್ ಆರಿಸುವುದನ್ನು ದೊಡ್ಡ ಮಕ್ಕಳಿಗೂ ಕಲಿಸಿ. ಆದರೆ ನೀರಲ್ಲಿ ನಿಂತು ಮೈನ್ ಸ್ವಿಚ್ ಮುಟ್ಟಬಾರದು, ಇದನ್ನು ದಯವಿಟ್ಟು ಎರಡೆರಡು ಸಲ ಹೇಳಿ.