ಪುಸ್ತಕ ಎತ್ತಿಡುವವರಿಗೆ ತರಬೇತಿ ಏಕೆ?

ಮಾನ್ಯರೇ,

ಸರ್ಕಾರಿ ಪದವಿ ಕಾಲೇಜೊಂದರ ಗ್ರಂಥಪಾಲಕರಾದ ತಮ್ಮ ಪತ್ರ ತಲುಪಿದೆ. ಪುಸ್ತಕಗಳ ವಿವರವನ್ನೆಲ್ಲ ಕಂಪ್ಯೂಟರಿಗೆ ಏರಿಸಿ, ಇ-ಜರ್ನಲ್‌ಗಳ ಲಾಗಿನ್ ಕೊಡಿಸಿದ ಮೇಲೂ ವಿದ್ಯಾರ್ಥಿಗಳು ದಿನಪತ್ರಿಕೆಗೂ ಪರೀಕ್ಷೆಯ ಗೈಡುಗಳಿಗೂ ಮಾತ್ರ ಬರುತ್ತಾರೆಂದು ಬರೆದಿದ್ದೀರಿ. ಸಹಾಯಕರಿಬ್ಬರನ್ನು ತರಬೇತಿಗೆ ಕಳಿಸುವ ಮಾತೆತ್ತಿದರೆ ಪ್ರಾಂಶುಪಾಲರು “ಪುಸ್ತಕ ಎತ್ತಿಡುವವರಿಗೆ ತರಬೇತಿ ಏಕೆ?” ಎನ್ನುತ್ತಾರೆಂದೂ ತಿಳಿಸಿದ್ದೀರಿ.

ತೊಡಕಿನ ಬೇರು ಆ ಪ್ರಶ್ನೆಯಲ್ಲೇ ಇದೆ. ಗ್ರಂಥಪಾಲಕರಿಗೆ ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗದ) ರಿಫ್ರೆಶರ್ ಕೋರ್ಸುಗಳಿವೆ. ಬಡ್ತಿಗೆ ಪ್ರಮಾಣಪತ್ರ ಬೇಕೆಂಬ ಕಾರಣಕ್ಕಾದರೂ ಹೋಗಿಬರುತ್ತಾರೆ. ಆದರೆ ಬಾಗಿಲು ದಾಟಿ ಬಂದ ವಿದ್ಯಾರ್ಥಿನಿ ಮೊದಲು ಮಾತನಾಡಿಸುವುದು ಕೌಂಟರಿನಲ್ಲಿ ಕುಳಿತ ಸಹಾಯಕರನ್ನು, ಇಲ್ಲವೇ ಅಟೆಂಡರನ್ನು. ಅವರು “ಅಲ್ಲಿ ನೋಡಿಕೊಳ್ಳಿ” ಎಂದು ಕೈ ತೋರಿಸಿದರೆ ನಿಮ್ಮ ರಿಫ್ರೆಶರ್ ಕೋರ್ಸು ಅವಳ ಮಟ್ಟಿಗೆ ಇದ್ದೂ ಇಲ್ಲದಂತೆ.

ಗಣಿತದ ಅಧ್ಯಾಪಕರಾಗಿದ್ದ ಎಸ್. ಆರ್. ರಂಗನಾಥನ್ 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದ ಬಳಿಕ ಗ್ರಂಥಾಲಯ ನಡೆಸುವ ವಿದ್ಯೆಯನ್ನು ಲಂಡನ್ನಿಗೆ ಹೋಗಿ ಕಲಿತು ಬಂದವರು. 1962ರಲ್ಲಿ ಬೆಂಗಳೂರಿನಲ್ಲಿ ಗ್ರಂಥಾಲಯ ವಿದ್ಯೆಯ ಸಂಶೋಧನೆ ಮತ್ತು ತರಬೇತಿ ಕೇಂದ್ರವಾದ ಡಿ.ಆರ್.ಟಿ.ಸಿ. ಆರಂಭವಾದದ್ದೂ ಅವರ ನೇತೃತ್ವದಲ್ಲೇ. 1931ರಲ್ಲಿ ಪ್ರಕಟವಾದ ಅವರ ಗ್ರಂಥಾಲಯದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸಬೇಕೆನ್ನುತ್ತದೆ. ಆ ಸಮಯ ಉಳಿಯುವುದೂ ಪೋಲಾಗುವುದೂ ಕೌಂಟರಿನಲ್ಲೇ.

ಅಲ್ಲಿ ಕಲಿಸಬೇಕಾದ ಮೊದಲ ವಿದ್ಯೆ, ಕೇಳಿದ ಪ್ರಶ್ನೆಯ ಹಿಂದಿರುವ ಪ್ರಶ್ನೆಯನ್ನು ತಿಳಿಯುವುದು. “ಅರ್ಥಶಾಸ್ತ್ರದ ಪುಸ್ತಕ ಎಲ್ಲಿದೆ?” ಎಂದು ಬಂದವನಿಗೆ ನಿಜಕ್ಕೂ ಬೇಕಾದದ್ದು ಹತ್ತು ವರ್ಷಗಳ ರಾಗಿ ಬೆಂಬಲ ಬೆಲೆಯ ಅಂಕಿಅಂಶವಿರಬಹುದು. “ಯಾವುದಕ್ಕೆ ಬೇಕಿತ್ತು?” ಎಂದು ವಿಶ್ವಾಸದಿಂದ ಕೇಳಿದರೆ ಹೊರಬೀಳುತ್ತದೆ, ಗದರಿದ ದನಿಯಲ್ಲಿ ಕೇಳಿದರೆ ಹುಡುಗ ಮತ್ತೆ ಬರುವುದಿಲ್ಲ. ನನ್ನ ವಿದ್ಯಾರ್ಥಿದೆಸೆಯಲ್ಲಿ ಏಳನೇ ತರಗತಿಯವರೆಗೆ ಓದಿದ್ದ ಅಟೆಂಡರೊಬ್ಬರು ಇದನ್ನು ಯಾರೂ ಕಲಿಸದೆಯೇ ಬಲ್ಲವರಾಗಿದ್ದರು. ಅಂಥವರು ಸಿಗುವುದು ಅದೃಷ್ಟ, ಅದನ್ನು ನಂಬಿ ಗ್ರಂಥಾಲಯ ನಡೆಸಲಾಗದು.

ಎರಡನೆಯದು ಕ್ಯಾಟಲಾಗ್. ಕನ್ನಡ ಪುಸ್ತಕಗಳ ವಿವರವನ್ನು ಎಷ್ಟೋ ಕಡೆ ರೋಮನ್ ಲಿಪಿಯಲ್ಲಿ, ಒಬ್ಬೊಬ್ಬರು ಒಂದೊಂದು ಕಾಗುಣಿತದಲ್ಲಿ ತುಂಬಿದ್ದಾರೆ. ವಿದ್ಯಾರ್ಥಿ ಕನ್ನಡದಲ್ಲಿ ಟೈಪಿಸಿದರೆ ಏನೂ ಸಿಗದು. ನಾಟಕಕಾರರ ಕಾವ್ಯನಾಮವಾದ ಶ್ರೀರಂಗ ಎಂದು ಹುಡುಕಿದಾಗ ಸಿಗದ್ದು ಆದ್ಯ ರಂಗಾಚಾರ್ಯ ಎಂಬ ಹೆಸರಿನಲ್ಲಿ ಸಿಕ್ಕೀತು. ಇದು ಗೊತ್ತಿರದ ಸಹಾಯಕರು ಕಪಾಟಿನಲ್ಲೇ ಇರುವ ಪುಸ್ತಕವನ್ನು “ಇಲ್ಲ” ಎಂದು ಪ್ರಾಮಾಣಿಕವಾಗಿಯೇ ಹೇಳಿಬಿಡುತ್ತಾರೆ.

ಇ-ಜರ್ನಲ್‌ಗಳದೂ ಇದೇ ಕಥೆ. 2025ರಿಂದ ಮೂರು ವರ್ಷಗಳಿಗೆಂದು ಕೇಂದ್ರ ಸರ್ಕಾರ 6,000 ಕೋಟಿ ರೂಪಾಯಿ ತೆಗೆದಿರಿಸಿದ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆ ಸುಮಾರು 13,000 ಜರ್ನಲ್‌ಗಳನ್ನು ಸರ್ಕಾರಿ ಸಂಸ್ಥೆಗಳಿಗೆ ತೆರೆದಿಟ್ಟಿದೆ. ಅದನ್ನು ಬಳಸುವ ಬಗೆಯನ್ನು ಪಕ್ಕದಲ್ಲಿ ಕುಳಿತು ತೋರಿಸುವವರು ಬೇಕು.

ಇದಕ್ಕೆಲ್ಲ ಊರು ಬಿಟ್ಟು ಹೋಗಬೇಕಾಗಿಲ್ಲ. ಕೌಂಟರಿನಲ್ಲೊಂದು ನೋಟ್‌ಬುಕ್ ಇಟ್ಟು, ಉತ್ತರ ಕೊಡಲಾಗದ ಪ್ರಶ್ನೆಗಳನ್ನು ಬರೆಯಿಸಿ. ಶನಿವಾರ ಒಂದು ಗಂಟೆ ಮೂವರೂ ಕುಳಿತು ಉತ್ತರ ಹುಡುಕಿ, ಆದರೆ ಮೌಸ್ ಸಹಾಯಕರ ಕೈಯಲ್ಲಿರಲಿ. ಮೂರು ತಿಂಗಳಾದ ಮೇಲೆ ಆ ನೋಟ್‌ಬುಕ್ಕನ್ನು ಪ್ರಾಂಶುಪಾಲರ ಮೇಜಿನ ಮೇಲಿಡಿ.

ಹೊರಗುತ್ತಿಗೆಯ ಸಹಾಯಕರು ಕಲಿತು ಬಿಟ್ಟುಹೋಗುತ್ತಾರೆಂಬ ನಿಮ್ಮ ಆತಂಕ ಸುಳ್ಳಲ್ಲ. ಅದು ನೇಮಕಾತಿಯ ದೋಷ; ತರಬೇತಿಯಿಂದ ನೀಗುವಂಥದ್ದಲ್ಲ. ನೋಟ್‌ಬುಕ್ ಮಾತ್ರ ಕೌಂಟರಿನಲ್ಲೇ ಇರುತ್ತದೆ, ಮುಂದೆ ಬರುವವರು ಅದರ ಮೊದಲ ಪುಟದಿಂದ ಆರಂಭಿಸಬಹುದು.

— ಸಂ.